ತೊರೆದ ಕರ್ಮಕ್ಕೆ ಮರಳಬಹುದೆ?

ಸಂನ್ಯಾಸವನ್ನು ಸ್ವೀಕರಿಸಿ ಮರಳಿ ಸಂಸಾರಕ್ಕಿಳಿದವನನ್ನು ನಮ್ಮ ಪೂರ್ವಿಕರು ವಾಂತಾಶಿ, ಎಂದರೆ ಕಕ್ಕಿದುದನ್ನು ಉಣ್ಣುವವನು, ಎಂದು ಜರೆದಿರುವರು. 2025ನೆಯ ಮಾರ್ಚ್ 21ರಂದು, ತನ್ನ 76ನೆಯ ವಯಸ್ಸಿನಲ್ಲಿ, ಹ್ಯೂಸ್ಟನ್ ನಗರದಲ್ಲಿ ತೀರಿಕೊಂಡ ಅಮೆರಿಕದ ಮುಷ್ಟಿಮಲ್ಲ ಜಾರ್ಜ್ ಫೋರ್ಮನ್ನನಿಗೆ ಈ ಮಾತು ಸಲ್ಲುವುದೆ ಎಂಬುದು ವಿಚಾರಾರ್ಹವಾಗಿದೆ.

ಯೌವನದಲ್ಲಿ ಆತನು ರೌದ್ರವೇ ಮೈವೆತ್ತಂತಿದ್ದನು. 1973ರಲ್ಲಿ ಜಮೈಕಾ ದ್ವೀಪದಲ್ಲಿ ಜೋ ಫ್ರೇಜಿಯರನನ್ನು ಎರಡು ಸುತ್ತುಗಳೊಳಗೆ ಆರು ಸಲ ಕೆಡವಿ ಅಗ್ರಪದವಿಯನ್ನು ಸೆಳೆದುಕೊಂಡನು. ಮರುವರ್ಷ ಆಫ್ರಿಕದ ಕಿನ್ಶಾಸದಲ್ಲಿ ಮಹಮ್ಮದ್ ಅಲಿಯು ಹಗ್ಗಕ್ಕೊರಗಿ ಪೆಟ್ಟುಗಳನ್ನು ತಿನ್ನುತ್ತಲೇ ಇವನ ಬಲವನ್ನೆಲ್ಲ ಬಸಿದು, ಎಂಟನೆಯ ಸುತ್ತಿನಲ್ಲಿ ನೆಲಕ್ಕುರುಳಿಸಿದನು. 1977ರಲ್ಲಿ ಜಿಮ್ಮಿ ಯಂಗನಿಗೆ ಸೋತ ಇರುಳು ತನಗೆ ದೈವಾನುಭವವಾಯಿತೆಂದು ಹೇಳಿ, ಫೋರ್ಮನ್ನನು ಮುಷ್ಟಿಯನ್ನು ಬಿಟ್ಟು ಕ್ರೈಸ್ತ ಉಪದೇಶಕನಾದನು. ಹತ್ತು ವರ್ಷ ಕಣವನ್ನು ತುಳಿಯಲಿಲ್ಲ.

1987ರಲ್ಲಿ ಮರಳಿದನು. ಹುಡುಗರಿಗಾಗಿ ಹ್ಯೂಸ್ಟನ್ನಿನಲ್ಲಿ ತಾನು ತೆರೆದಿದ್ದ ಕೇಂದ್ರಕ್ಕೆ ಹಣವಿಲ್ಲ, ಪರರೆದುರು ಕೈಯೊಡ್ಡಲು ಮನಸ್ಸಿಲ್ಲ: ಇದು ಆತನೇ ಕೊಟ್ಟ ಕಾರಣ. ಪರಾರ್ಥವಾದುದರಿಂದ ದೋಷವಿಲ್ಲವೆಂದು ತೀರ್ಪು ಕೊಟ್ಟು ಏಳುವುದು ಸುಲಭ. ಆದರೆ 1991ರಲ್ಲಿ ಹೋಲಿಫೀಲ್ಡನೊಡನೆ ಸೆಣಸಿ ಸೋತಾಗಲೇ ಕೋಟಿಗೆ ಮೀರಿದ ಡಾಲರುಗಳು ಆತನ ಕೈಸೇರಿದ್ದುವು. ಆಮೇಲಿನ ಕಾಳಗಗಳನ್ನು ಹುಡುಗರ ಹೆಸರಿನಲ್ಲಿ ಸಮರ್ಥಿಸಲು ನನಗೆ ಬಾಯಿ ಬಾರದು.

1994ನೆಯ ನವೆಂಬರ್ 5ರಂದು ಲಾಸ್ ವೇಗಸ್ಸಿನಲ್ಲಿ, 45 ವರ್ಷದ ಈತನು 26ರ ತರುಣನಾದ ಅಗ್ರಮಲ್ಲ ಮೈಕಲ್ ಮೂರರನನ್ನು ಇದಿರಿಸಿದನು. ಉಟ್ಟಿದ್ದುದು ಕಿನ್ಶಾಸದಲ್ಲಿ ಸೋತ ದಿನದ ಅದೇ ಕೆಂಪು ಚಡ್ಡಿ. ದಾನಕ್ಕೆ ಹಳೆಯ ಚಡ್ಡಿ ಏಕೆ ಬೇಕು? ಇಪ್ಪತ್ತು ವರ್ಷ ಎದೆಯಲ್ಲಿ ಕುಳಿತಿದ್ದ ಸೋಲನ್ನು ಕಳೆಯಬೇಕಾಗಿದ್ದಿತು. ಇದು ಅಹಂಕಾರವೆಂದು ವೇದಾಂತಿಗಳು ಹೇಳಬಹುದು; ಹೇಳಲಿ. ಆ ಇರುಳು ಆತನ ಮೂಲೆಯಲ್ಲಿ ನಿಂತು ಬುದ್ಧಿ ಹೇಳುತ್ತಿದ್ದವರಲ್ಲಿ ಏಂಜೆಲೊ ಡಂಡಿಯೂ ಒಬ್ಬನು. ಕಿನ್ಶಾಸದಲ್ಲಿ ಅಲಿಯ ಗುರುವಾಗಿ ಎದುರು ಮೂಲೆಯಲ್ಲಿ ನಿಂತಿದ್ದವನೂ ಅವನೇ. ಅಲಿಯೂ ಅಷ್ಟರಲ್ಲಿ ಮಿತ್ರನಾಗಿದ್ದನು. ಹತ್ತು ವರ್ಷದ ವ್ರತದಲ್ಲಿ ಫೋರ್ಮನ್ನನು ಕಕ್ಕಿದುದು ದ್ವೇಷವನ್ನು ಎಂದಾದರೆ, ಅದನ್ನು ಮರಳಿ ಉಂಡ ಗುರುತು ನನಗೆ ಕಾಣದು. ವಾಂತಾಶಿಯೆಂಬ ಮಾತು ಈತನಿಗೆ ಸಲ್ಲದು.

ಆದರೂ ಒಂದು ಸಂದೇಹ ಉಳಿಯುತ್ತದೆ. ಒಂಬತ್ತು ಸುತ್ತುಗಳ ಎಣಿಕೆಯಲ್ಲಿ ಹಿಂದೆ ಬಿದ್ದಿದ್ದ ಫೋರ್ಮನ್ನನು ಹತ್ತನೆಯದರಲ್ಲಿ ಬಲಗೈಯಿಂದ ಗುದ್ದಿ ಮೂರರನನ್ನು ಕೆಡವಿದನು. ದ್ವೇಷವಿಲ್ಲವೆಂದು ಗುದ್ದು ದವಡೆಗೆ ಮೆತ್ತಗೆ ಬೀಳಲಿಲ್ಲ. ಫೋರ್ಮನ್ನನು ತನ್ನ ಮೂಲೆಗೆ ಹೋಗಿ, ಮೊಣಕಾಲೂರಿ, ತಲೆಬಾಗಿ ಪ್ರಾರ್ಥಿಸುತ್ತಿದ್ದಾಗ ಮೂರರನು ಇನ್ನೂ ಅಂಗಾತ ಬಿದ್ದಿದ್ದನು.