ಮುಖವಿಲ್ಲದ ಒಡೆತನ

ಭೂಮಿಗೆ ಒಡೆಯನು ಯಾರು ಎಂಬ ಪ್ರಶ್ನೆ ಇಂದಿನದಲ್ಲ. ಉಳುವವನೋ, ಪಟ್ಟಾ ಹೊಂದಿದವನೋ ಎಂದು ನಮ್ಮ ಹಿರಿಯರು ವಾದಿಸುತ್ತಲೇ ಬಂದರು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂಬ ಉತ್ತರ ಕೊಟ್ಟಿತು. ಅಂದಿನ ಜಮೀನ್ದಾರ ಎಷ್ಟೇ ಕಠಿಣನಾದರೂ ಅವನಿಗೊಂದು ಮುಖವಿತ್ತು, ಅವನ ಮನೆಗೊಂದು ಬಾಗಿಲಿತ್ತು. ಮಳೆ ಹೋದ ವರ್ಷ ಗೇಣಿದಾರ ಆ ಬಾಗಿಲಲ್ಲಿ ನಿಂತು ‘ಈ ಸಲ ಬಿಟ್ಟುಕೊಡಿ, ಒಡೆಯಾ’ ಎಂದು ಬೇಡಬಹುದಿತ್ತು. ಒಡೆಯ ಇಲ್ಲವೆನ್ನುವುದಿದ್ದರೂ ಎದುರಿಗೇ ಇಲ್ಲವೆನ್ನಬೇಕಿತ್ತು. ಇಂದು ಮುಖವೂ ಬಾಗಿಲೂ ಇಲ್ಲದ ಒಡೆತನವೊಂದು ಜಗತ್ತಿನಲ್ಲಿ ಬೆಳೆದಿದೆ. ಅದರಲ್ಲಿ ನಮ್ಮಂಥ ಸಂಬಳದಾರರ ಹೊಣೆಯೇನು ಎಂಬುದೇ ಇಲ್ಲಿನ ವಿಚಾರ.

2007-08ರಲ್ಲಿ ಆಹಾರಧಾನ್ಯದ ಬೆಲೆ ಲೋಕದಾದ್ಯಂತ ಏರಿತು. ಅದರ ಬೆನ್ನಿಗೇ ಅಮೆರಿಕದ ದೊಡ್ಡ ದೊಡ್ಡ ಹಣಕಾಸು ಸಂಸ್ಥೆಗಳು ಕುಸಿದವು. ಷೇರುಪೇಟೆಯಲ್ಲಿ ಭರವಸೆ ಕಳೆದುಕೊಂಡ ಹಣ ಹೊಲಗದ್ದೆಗಳ ಕಡೆ ತಿರುಗಿತು. ಲೆಕ್ಕ ಸರಳವಾದದ್ದು. ಉಣ್ಣುವ ಬಾಯಿ ಹೆಚ್ಚುತ್ತದೆ, ಭೂಮಿ ಹೆಚ್ಚುವುದಿಲ್ಲ. ಬೆಳೆ ಬಂದರೆ ಗೇಣಿ ಉಂಟು. ಬಾರದಿದ್ದರೂ ಜಮೀನಿನ ಕ್ರಯ ಏರೀತೆಂಬ ನಿರೀಕ್ಷೆ ಉಂಟು. ಹೀಗೆ ಹೊಲವೆಂಬುದು ಜಮಾಖರ್ಚಿನ ಪುಸ್ತಕದಲ್ಲಿ ಚಿನ್ನ, ಸಾಲಪತ್ರಗಳ ಪಕ್ಕದ ಇನ್ನೊಂದು ಬಾಬತ್ತಾಯಿತು.

ಈ ಹಣ ಯಾರದು? ಕೋಟ್ಯಧೀಶರದೆಂದುಬಿಟ್ಟರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಹಾಗಿಲ್ಲವೆಂಬುದೇ ತೊಡಕು. ಅಮೆರಿಕದಲ್ಲಿ ಟಿ.ಐ.ಎ.ಎ. ಎಂಬ ನಿಧಿಯಿದೆ. ಕಾಲೇಜು ಅಧ್ಯಾಪಕರ ಮುಪ್ಪಿನ ನಿರ್ವಹಣೆಗೆಂದು ಕಾರ್ನೆಗಿ ಪ್ರತಿಷ್ಠಾನ 1918ರಲ್ಲಿ ಆರಂಭಿಸಿದ ಸಂಸ್ಥೆ ಅದು. 2008ರಿಂದ ಅದು ಬ್ರೆಜಿಲ್ ದೇಶದ ಸಕ್ಕರೆ ಉದ್ಯಮಿ ಕೊಸಾನ್ ಕಂಪನಿಯೊಡನೆ ಕೂಡಿ, ರಾದಾರ್ ಎಂಬ ಕಂಪನಿಯ ಮೂಲಕ ಅಲ್ಲಿ ಜಮೀನು ಕೊಳ್ಳತೊಡಗಿತು. ಅಲ್ಲಿನ ಸೆರಾಡೋ ಪ್ರದೇಶ ಹುಲ್ಲುಗಾವಲು, ಕುರುಚಲು ಕಾಡುಗಳ ವಿಶಾಲ ನಾಡು. ತಲೆಮಾರುಗಳಿಂದ ಕಾಗದಪತ್ರವಿಲ್ಲದೆ ಬೇಸಾಯ ಮಾಡಿಕೊಂಡು ಬಂದ ಕುಟುಂಬಗಳು ಅಲ್ಲಿ ಬಹಳ.

ಕಾಗದವಿಲ್ಲದವರ ನೆಲಕ್ಕೆ ಕಾಗದ ಹುಟ್ಟಿಸುವವರೂ ಅಲ್ಲಿದ್ದಾರೆ. ಅವರಿಗೆ ‘ಗ್ರಿಲೇರೊ’ ಎಂದು ಹೆಸರು. ಗ್ರಿಲೊ ಎಂದರೆ ಮಿಡತೆ ಜಾತಿಯ ಒಂದು ಹುಳು. ಸುಳ್ಳು ಕ್ರಯಪತ್ರವನ್ನು ಈ ಹುಳುಗಳಿರುವ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಬಣ್ಣಗೆಟ್ಟು ಅಂಚು ಸವೆದ ಮೇಲೆ ಹಳೆಯ ದಾಖಲೆಯೆಂದು ತೋರಿಸುತ್ತಿದ್ದುದರಿಂದ ಆ ಹೆಸರು ಬಂದಿತಂತೆ. ಇಂಥವರ ಕೈದಾಟಿದ ಜಮೀನುಗಳು ಈ ನಿಧಿಗೂ ಸೇರಿವೆಯೆಂದು 2015ರಲ್ಲಿ ವರದಿಗಳು ದೂರಿದವು. ಕಾನೂನಿನಂತೆ ನಡೆದಿದ್ದೇವೆಂದು ಸಂಸ್ಥೆ ಉತ್ತರಿಸಿತು.

ಆ ವ್ಯಾಜ್ಯದ ತೀರ್ಪು ನಮ್ಮ ಕೆಲಸವಲ್ಲ. ನಾವು ಕೇಳುವುದು ಇಷ್ಟೇ: ನ್ಯೂಯಾರ್ಕಿನಲ್ಲಿ ಪಾಠ ಹೇಳಿ, ಸಂಬಳದಲ್ಲಿ ಒಂದಿಷ್ಟು ಉಳಿಸಿದ ಅಧ್ಯಾಪಕಿಗೆ ಇದರಲ್ಲಿ ಹೊಣೆಯುಂಟೇ? ಆಕೆ ಯಾರನ್ನೂ ಒಕ್ಕಲೆಬ್ಬಿಸಲಿಲ್ಲ. ಆ ನೆಲವನ್ನು ಕಂಡೂ ಇಲ್ಲ.

ಇದು ದೂರದ ದೇಶದ ಮಾತೆನ್ನುವಂತಿಲ್ಲ. ಗುಲಾಬಿ ವ್ಯಾಪಾರದಲ್ಲಿ ಹೆಸರಾದ ಬೆಂಗಳೂರಿನ ಕರುತುರಿ ಕಂಪನಿ ಇಥಿಯೋಪಿಯದ ಗಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿಯನ್ನು ಗುತ್ತಿಗೆ ಹಿಡಿದಿತ್ತು. 2015ರಲ್ಲಿ ಅಲ್ಲಿನ ಸರ್ಕಾರ ಅದನ್ನು ರದ್ದುಪಡಿಸಿತು. ಇನ್ನು 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದ ನಮ್ಮಂಥವರ ಪಿಂಚಣಿಯ ಹಣವೂ ತಿಂಗಳು ತಿಂಗಳು ಕಡಿತವಾಗಿ ಸಾಲಪತ್ರ, ಷೇರುಗಳಿಗೆ ಹೋಗುತ್ತದೆ. ಅದು ಬ್ರೆಜಿಲಿನ ಹೊಲ ಕೊಳ್ಳುವುದಿಲ್ಲ, ನಿಜ. ಆದರೆ ಎಲ್ಲಿ, ಯಾರ ಬೆವರಿನಲ್ಲಿ ಬೆಳೆಯುತ್ತಿದೆಯೆಂದು ನಮ್ಮಲ್ಲಿ ಕೇಳಿದವರೆಷ್ಟು ಮಂದಿ? 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ‘ಊರ ಕಡೆ ನಾಲ್ಕೆಕರೆ ಹಿಡಿದಿಡಿ, ಬೆಲೆ ಏರುತ್ತದೆ’ ಎಂಬ ಸಲಹೆ ನಮ್ಮವರ ಮದುವೆಮನೆಗಳಲ್ಲೂ ಕೇಳಿಬರುತ್ತದೆ.

ಬಂಡವಾಳವೆಲ್ಲ ಪಾಪವೆಂದು ನಾವು ಹೇಳುತ್ತಿಲ್ಲ. ಕೃಷಿಗೆ ಹಣ ಬೇಕು. ಬಾವಿ, ಪಂಪು, ಗೊಬ್ಬರ, ಗೋದಾಮು ಪುಕ್ಕಟೆ ಬರುವುದಿಲ್ಲ. ಬೇಸಾಯಕ್ಕೆ ಹಣ ಕೊಡುವುದು ಒಂದು, ಬೆಲೆ ಏರಲೆಂದು ನೆಲ ಹಿಡಿದಿಡುವುದು ಇನ್ನೊಂದು. ಮೊದಲನೆಯದರಲ್ಲಿ ರೈತ ಗೆದ್ದರೆ ಹೂಡಿದವನೂ ಗೆಲ್ಲುತ್ತಾನೆ. ಎರಡನೆಯದರಲ್ಲಿ ನೆಲದ ಬೆಲೆ ಏರಿದಷ್ಟೂ ಉಳುವವನ ಮಗನಿಗೆ ಅದೇ ನೆಲ ಕೈಗೆಟುಕದಾಗುತ್ತದೆ.

ಆ ಅಧ್ಯಾಪಕಿ ಅಪರಾಧಿಯೆಂದು ನಮಗೆ ಅನಿಸುವುದಿಲ್ಲ. ಅರಿಯದ ಕರ್ಮಕ್ಕೆ ಪೂರ್ತಿ ಪಾಪ ಹೊರಿಸುವುದು ನ್ಯಾಯವಲ್ಲ. ಆದರೆ ಅರಿಯಲು ಅವಕಾಶವಿದ್ದೂ ಅರಿಯದೆ ಉಳಿದರೆ? ಲಾಭದಲ್ಲಿ ಪಾಲುಂಟು, ಪ್ರಶ್ನೆಯಲ್ಲಿ ಪಾಲಿಲ್ಲ ಎನ್ನಲು ಬರುವುದೇ? ಆ ನಿಧಿಯ ಸದಸ್ಯರಾದ ಕೆಲವು ಅಧ್ಯಾಪಕರೇ ಮುಂದೆ ಬಂದು ಈ ಜಮೀನು ವ್ಯವಹಾರವನ್ನು ಪ್ರಶ್ನಿಸಿದ್ದಾರೆ. ನಮ್ಮಿಂದಲೂ ಆಗುವ ಕೆಲಸ ಅದು. ಪಿಂಚಣಿಯ ಹಣ ಎಲ್ಲಿ ತೊಡಗಿದೆಯೆಂದು ಕೇಳೋಣ. ಊರಲ್ಲಿ ನೆಲ ಕೊಳ್ಳುವ ಮುನ್ನ ಅದನ್ನು ಈಗ ಉಳುತ್ತಿರುವವರು ಯಾರು, ನಾಳೆ ಅವರ ಗತಿಯೇನು ಎಂದು ವಿಚಾರಿಸೋಣ. ಮುಖವಿಲ್ಲದ ಒಡೆತನಕ್ಕೆ ಸ್ವಲ್ಪವಾದರೂ ಮುಖ ಬರುವುದು ಹೀಗೆಯೇ.