ತಡವಾಗಿ ಬಂದ ಹೆಸರು

ಮನುಷ್ಯರಿಗೆ ಅರವತ್ತು ತುಂಬಿದರೆ ಷಷ್ಟ್ಯಬ್ದಿ ಮಾಡುತ್ತೇವೆ. ಸಂಘ ಸಂಸ್ಥೆಗಳಿಗೆ ಇಪ್ಪತ್ತೈದಕ್ಕೆ ಬೆಳ್ಳಿಹಬ್ಬ, ಐವತ್ತಕ್ಕೆ ಚಿನ್ನದ ಹಬ್ಬ. ಹಾಡಿನ ತಟ್ಟೆಗಳಿಗೂ ಹೀಗೆ ವರ್ಷ ಎಣಿಸಿ ಹಬ್ಬ ಮಾಡುತ್ತಾರೆಂದು ನನಗೆ ತಿಳಿದದ್ದು ತಂಗಿಯ ಮಗನಿಂದ. ಅವನಿಗೆ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು. ತಂತಿ, ಚರ್ಮ, ಬಿದಿರು ಯಾವುದೂ ಇಲ್ಲದೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಸಂಗೀತ ಅದು. ಅದರಲ್ಲಿ ಹೆಸರಾದ ಹಳೆಯ ತಟ್ಟೆಗಳನ್ನು ಇಪ್ಪತ್ತೈದೋ ನಲವತ್ತೋ ಐವತ್ತೋ ವರ್ಷ ತುಂಬಿದಾಗ ಕಂಪನಿಗಳು ಮತ್ತೆ ಹೊರತರುತ್ತವೆ. ಮೂಲ ಟೇಪನ್ನು ಉಗ್ರಾಣದಿಂದ ತೆಗೆದು, ಕರಕರ ಸದ್ದು ಕಳೆದು, ಹೊಸ ಹೊದಿಕೆ ಹಾಕಿ, ಜೊತೆಗೊಂದು ಪುಸ್ತಿಕೆಯನ್ನೂ ಇಟ್ಟು ಮಾರುತ್ತಾರೆ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 'ಆಟೋಬಾನ್' ಬಂದದ್ದು 1974ರಲ್ಲಿ. ಐವತ್ತರ ನೆನಪಿಗೆಂದು 2025ರಲ್ಲಿ ಅದು ಮತ್ತೆ ಬಂತು. ಅದಕ್ಕಾಗಿ ಹುಡುಗ ಕೂಡಿಟ್ಟ ದುಡ್ಡಿನ ಲೆಕ್ಕ ಕೇಳಿ ನನ್ನ ತಂಗಿ ತಲೆಯ ಮೇಲೆ ಕೈ ಹೊತ್ತಳು. "ಹಳೇ ಪಾತ್ರೆಗೆ ಕಲಾಯಿ ಹಾಕಿ ಹೊಸ ಬೆಲೆಗೆ ಮಾರ್ತಾರೆ, ಇವನು ಕೊಳ್ತಾನೆ" ಎಂದಳು.

ಕಲಾಯಿಯ ಮಾತು ನನಗೆ ಹಿಡಿಸಿತು. ನಮ್ಮ ಮನೆಗಳ ಪಾತ್ರೆಗಳನ್ನು ಒಮ್ಮೆ ತಿರುಗಿಸಿ ನೋಡಿ. ಹೊರಮೈ ಮೇಲೆ ಹೆಸರು ಕೊರೆದಿರುತ್ತದೆ, ತಾರೀಖು ಇರುತ್ತದೆ. ಅದು ಕೊಟ್ಟವರ ಹೆಸರು. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ತಂದವರದು. ತಾಮ್ರವನ್ನು ಬಡಿದು ಬಡಿದು ಅದಕ್ಕೆ ಹೊಟ್ಟೆ, ಕಂಠ ಕೊಟ್ಟವನ ಹೆಸರನ್ನು ಯಾವ ಪಾತ್ರೆಯ ಮೇಲೂ ನಾನು ಕಂಡಿಲ್ಲ. ಹಳೆಯದನ್ನು ಹೊಳೆಯಿಸಿ ಹಬ್ಬ ಮಾಡುವಾಗ ನಾವು ಮರ್ಯಾದೆ ಮಾಡುವುದು ಯಾರಿಗೆ? ವಸ್ತುವಿಗೋ, ಮಾಡಿದವರಿಗೋ, ನಮ್ಮ ಕಳೆದುಹೋದ ಪ್ರಾಯಕ್ಕೋ?

ಯಂತ್ರದ ಸದ್ದಿಗೆ ಸಂಗೀತವೆನ್ನುವುದುಂಟೇ ಎಂದು ಕೆಲವರು ಮೂಗು ಮುರಿಯಬಹುದು. ಬಿನ್ನಿಪೇಟೆಯಲ್ಲಿ ಬೆಳೆದವರು ಹಾಗೆ ಮೂಗು ಮುರಿಯಲಾರರು. ನಮ್ಮ ಪೇಟೆಗೆ ಹೆಸರು ಕೊಟ್ಟದ್ದೇ ಮಿಲ್ಲು. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲು ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದು ಬಿನ್ನಿ ಮಿಲ್ಲಾಯಿತು. ಅದರ ಸೈರನ್ ಕೂಗಿದಾಗ ಅನ್ನಕ್ಕೆ ಎಸರಿಡುತ್ತಿದ್ದ ಮನೆಗಳು ನಮ್ಮ ಬೀದಿಯ ತುಂಬ ಇದ್ದವು. ನನ್ನ ತಂದೆ ಅಲ್ಲಿ ಮಗ್ಗದ ವಿಭಾಗದಲ್ಲಿದ್ದರು. ಸಾಲು ಮಗ್ಗಗಳ ಗದ್ದಲದಲ್ಲಿ ಯಾವ ಮಗ್ಗ ತಾಳ ತಪ್ಪುತ್ತಿದೆಯೆಂದು ಕಿವಿಯಿಂದಲೇ ಹೇಳುತ್ತಿದ್ದರಂತೆ. ಬಟ್ಟೆಯ ಅಂಚಿನಲ್ಲಿ ಮಿಲ್ಲಿನ ಮುದ್ರೆ ಬೀಳುತ್ತಿತ್ತು. ನೇಯ್ದವರ ಗುರುತು ಬೀಳುತ್ತಿರಲಿಲ್ಲ. ಅದಕ್ಕೆ ಯಾರೂ ಬೇಸರಪಟ್ಟುಕೊಂಡದ್ದನ್ನು ನಾನು ಕೇಳಿಲ್ಲ. ಈಗ ಮಿಲ್ಲಿಲ್ಲ. ಆ ಜಾಗದಲ್ಲಿ ಮಾಲ್ ಇದೆ, ಮುಗಿಲೆತ್ತರದ ಮನೆಗಳಿವೆ.

ಹುಡುಗ ನನಗೆ ಕೇಳಿಸಿದ ತಟ್ಟೆಗಳಲ್ಲಿ ಒಂದು ನಮ್ಮ ದೇಶದ್ದೇ. ಮುಂಬಯಿಯ ಚರಣ್‌ಜಿತ್ ಸಿಂಗ್ ಎಂಬವರದು. ಹಿಂದಿ ಸಿನಿಮಾ ಹಾಡುಗಳ ವಾದ್ಯಗೋಷ್ಠಿಯಲ್ಲಿ ಗಿಟಾರು, ಕೀಬೋರ್ಡು ನುಡಿಸಿ ಜೀವನ ಮಾಡಿದವರು. 1982ರಲ್ಲಿ, ಡಿಸ್ಕೊ ಜೋರಾಗಿದ್ದ ಕಾಲದಲ್ಲಿ, ಎಚ್.ಎಂ.ವಿ.ಗಾಗಿ ಅವರೊಂದು ತಟ್ಟೆ ಮಾಡಿದರು. ಹೆಸರು 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್', ಎಂದರೆ ಡಿಸ್ಕೊ ತಾಳಕ್ಕೆ ಹತ್ತು ರಾಗಗಳು. ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳೇ ಅವರ ಪಕ್ಕವಾದ್ಯ: ತಾಳಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303, ರಾಗ ನುಡಿಸಲು ಜುಪಿಟರ್-8. ಕೇಳಲು ಕುಳಿತಾಗ ನನಗೆ ಏನೂ ಹತ್ತಲಾರದು ಅಂದುಕೊಂಡಿದ್ದೆ. ಆದರೆ ಭೂಪಾಲಿ ಬಂದಾಗ ಅದು ನಮ್ಮ ಮೋಹನವೇ! ಮಾಲ್‌ಕೌಂಸ್ ಎಂದರೆ ಹಿಂದೋಳ, ಯಮನ್ ಎಂದರೆ ಕಲ್ಯಾಣಿ. ಜೂನಿಯರ್ ಪರೀಕ್ಷೆಗೆ ಹಾಡಿ ಹಾಡಿ ನಾಲಿಗೆಗೆ ಅಂಟಿದ ರಾಗಗಳು. ಟಿಬಿ-303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಅನುಕೂಲವಿದೆಯಂತೆ. ನಮ್ಮ ಸಂಗೀತಕ್ಕೆ ಜಾರು ಎಷ್ಟು ಮುಖ್ಯ! ಆ ಮನುಷ್ಯ ಅದನ್ನು ಪಟ್ಟಾಗಿ ಹಿಡಿದುಬಿಟ್ಟಿದ್ದಾರೆ.

ತಟ್ಟೆ ಮಾರಾಟವಾಗಲಿಲ್ಲ. ಜನ ಮರೆತರು. ಟಿಬಿ-303 ಯಂತ್ರದ ಪಾಡೂ ಅಷ್ಟೆ. ಬಾಸ್ ಗಿಟಾರಿನ ಬದಲಿಗೆಂದು ಮಾಡಿದ್ದು, ಯಾರಿಗೂ ಬೇಡವಾಗಿ 1984ರಲ್ಲಿ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಅಮೆರಿಕದ ಷಿಕಾಗೋದ ಹುಡುಗರು ತಿರುಚಿ ನುಡಿಸಿ 1987ರಲ್ಲಿ 'ಆಸಿಡ್ ಹೌಸ್' ಎಂಬ ಹೊಸ ಸಂಗೀತ ಹುಟ್ಟಿಸಿದರು. ಅದು ಯೂರೋಪಿನ ಯುವಜನರನ್ನು ಕುಣಿಸಿತು. 2002ರಲ್ಲಿ ಹಾಲೆಂಡಿನ ಎಡೋ ಬೌಮನ್ ಎಂಬ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯೊಂದರಲ್ಲಿ ಚರಣ್‌ಜಿತ್‌ರ ತಟ್ಟೆ ಸಿಕ್ಕಿತು. ಅವರು ಮುಂಬಯಿಗೆ ಬಂದು ಮನುಷ್ಯನನ್ನೇ ಹುಡುಕಿ ಮಾತಾಡಿಸಿ, 2010ರಲ್ಲಿ ತಟ್ಟೆಯನ್ನು ಮತ್ತೆ ಹೊರತಂದರು. ಷಿಕಾಗೋಗಿಂತ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಇಂಥ ನಾದವೇ ಎಂದು ಕೇಳಿದವರು ದಂಗಾದರು. ಚರಣ್‌ಜಿತ್ ಯೂರೋಪಿನ ವೇದಿಕೆಗಳಲ್ಲಿ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಹಿತ್ತಲ ಗಿಡ ಮದ್ದಲ್ಲ ಎಂದು ಹೇಳಿ ಇದನ್ನು ಮುಗಿಸಿಬಿಡಬಹುದು. ಆದರೆ ನನ್ನನ್ನು ಕಾಡಿದ್ದು ಬೇರೆ. ಹೊರಗಿನವರು ಅವರನ್ನು ಹೊಗಳಿದ್ದು ಆಸಿಡ್ ಹೌಸಿನ ಪೂರ್ವಜನೆಂದು. ಅವರು ಆ ಹೆಸರಿನ ಯಾವುದನ್ನೂ ಮಾಡಹೊರಟಿರಲಿಲ್ಲ. ಹೊಸ ಯಂತ್ರ ಕೈಗೆ ಬಂದಿತ್ತು, ರಾಗ ತಲೆಯಲ್ಲಿತ್ತು, ಕಾಲ ಡಿಸ್ಕೊದ್ದಾಗಿತ್ತು, ಮೂರನ್ನೂ ಕೂಡಿಸಿದರು. ಮಾಡಿದ್ದು ಒಂದು, ಹೊಗಳಿಕೆ ಬಂದದ್ದು ಇನ್ನೊಂದಕ್ಕೆ. ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಜೀವಮಾನವಿಡೀ ಲೆಕ್ಕಪತ್ರ ನೋಡಿಕೊಂಡು ಮನೆ ನಡೆಸಿದವಳನ್ನು "ಅವಳ ಕೈ ಸಾರು ಮರೆಯೋಕಾಗಲ್ಲ" ಎಂದು ಹೊಗಳುತ್ತೇವಲ್ಲ, ಹಾಗೆ. ಸಾರೂ ಚೆನ್ನಾಗಿತ್ತು ನಿಜ. ಆದರೂ ಚರಣ್‌ಜಿತ್‌ರ ವಿಷಯದಲ್ಲಿ ಒಂದು ಒಳ್ಳೆಯದಾಯಿತು. ತಪ್ಪು ಹೆಸರಿನಿಂದಲೇ ಕರೆದರೂ ಕರೆದಾಗ ಓಗೊಡಲು ಅವರಿದ್ದರು.

ಎಲ್ಲರಿಗೂ ಆ ಭಾಗ್ಯವಿಲ್ಲ. ಇಂಗ್ಲೆಂಡಿನಲ್ಲಿ ಡೀಲಿಯಾ ಡರ್ಬಿಷೈರ್ ಎಂಬ ಹೆಣ್ಣುಮಗಳಿದ್ದಳು. 1937ರಲ್ಲಿ ಹುಟ್ಟಿದವಳು, ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದಳು. 1959ರಲ್ಲಿ ರೆಕಾರ್ಡಿಂಗ್ ಕಂಪನಿಯೊಂದರಲ್ಲಿ ಕೆಲಸ ಕೇಳಿದಾಗ ಸ್ಟುಡಿಯೋಗಳಿಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಕೆಲಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದಳು. ಆಮೇಲೆ ಬಿಬಿಸಿ ಸೇರಿದಳು. 1963ರಲ್ಲಿ 'ಡಾಕ್ಟರ್ ಹೂ' ಎಂಬ ಟೀವಿ ಧಾರಾವಾಹಿಗೆ ರಾನ್ ಗ್ರೇನರ್ ಎಂಬುವರು ಒಂದು ಮಟ್ಟು ಬರೆದುಕೊಟ್ಟರು. ಅದನ್ನು ನಾದವಾಗಿಸಿದ್ದು ಡೀಲಿಯಾ. ಆಗ ಅವಳ ಕೈಯಲ್ಲಿ ಸಿಂಥಸೈಸರ್ ಇರಲಿಲ್ಲ. ಒಂದು ತಂತಿ ಮೀಟಿದ ಸದ್ದು, ಪ್ರಯೋಗಶಾಲೆಯ ಆಸಿಲೇಟರುಗಳ ಸದ್ದು ಇವನ್ನು ಟೇಪಿನ ಮೇಲೆ ಹಿಡಿದು, ವೇಗ ಏರಿಸಿ ಇಳಿಸಿ ಶ್ರುತಿ ಹೊಂದಿಸಿ, ಒಂದೊಂದು ಸ್ವರದ ತುಂಡನ್ನೂ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದಳು. ಹೂ ಕಟ್ಟುವವರಿಗೆ ಈ ಕೆಲಸದ ತಾಳ್ಮೆ ಅರ್ಥವಾದೀತು. ಕೇಳಿದ ಗ್ರೇನರ್ ಬೆರಗಾಗಿ, ಅವಳ ಹೆಸರೂ ಸಂಯೋಜಕಿಯೆಂದು ಸೇರಲಿ ಎಂದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಪರದೆಯ ಮೇಲೆ ಅವಳ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಯ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ. ಅವಳು 2001ರಲ್ಲೇ ತೀರಿಕೊಂಡಿದ್ದಳು. ಮನೆಯ ಅಟ್ಟದಲ್ಲಿ ಇನ್ನೂರಕ್ಕೂ ಹೆಚ್ಚು ಟೇಪಿನ ಸುರುಳಿಗಳು ಸಿಕ್ಕವು.

ಇದ್ದಾಗ ಊಟಕ್ಕೆ ಕರೆಯದೆ, ಹೋದ ಮೇಲೆ ವಡೆ ಪಾಯಸ ಮಾಡಿ ಎಡೆ ಇಟ್ಟ ಹಾಗಲ್ಲವೇ ಇದು ಎಂದು ನಿಮಗನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ನನ್ನ ಸಹೋದ್ಯೋಗಿಯೊಬ್ಬರ ವಾದ ಬೇರೆ. "ಹೆಸರಿನ ಹಂಬಲ ಯಾಕೆ? ಬೀಸುವಾಗ ಕುಟ್ಟುವಾಗ ಹಾಡಿದ ಗರತಿಯರು ಹೆಸರು ಹಾಕಿಕೊಂಡರೇ? ಹಾಡು ಉಳಿದರೆ ಸಾಲದೇ?" ಎಂದು ಕೇಳಿದರು. ಮಾತಿನಲ್ಲಿ ತೂಕವಿದೆ. ಈ ಪ್ರಶ್ನೆಯನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ತಿರುವಿಹಾಕಿದ್ದೇನೆ.

ಉತ್ತರಕ್ಕೆ ದಾರಿ ತೋರಿಸಿದ್ದು ಮನೆಯ ಹಳೆಯ ಕ್ಯಾಸೆಟ್ಟುಗಳು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದ ಮೇಲೆ ಭಾವಗೀತೆಗಳ ಕ್ಯಾಸೆಟ್ಟು ನಮ್ಮಂಥವರ ಮನೆಗಳಿಗೆ ಸಾಲುಸಾಲಾಗಿ ಬಂದವು. ಮುಂದೆ ಬಂದ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಕೀಬೋರ್ಡಿನ ನಾದ ಹಾಡಿಗೆ ಹಾಸಿಗೆ ಹಾಸಿದಂತಿರುತ್ತದೆ. ನನ್ನಲ್ಲಿರುವ ಅಂಥ ಹಲವುಗಳ ಹೊದಿಕೆಯಲ್ಲಿ ಕವಿಯ ಹೆಸರಿದೆ, ರಾಗ ಸಂಯೋಜಕರದಿದೆ, ಗಾಯಕರದಿದೆ, ಅರ್ಪಿಸಿದವರದೂ ಇದೆ. ಕೀಬೋರ್ಡ್ ನುಡಿಸಿದ ಬೆರಳುಗಳು ಯಾರವೋ.

ಅಲ್ಲಿದೆ ನೋಡಿ ವ್ಯತ್ಯಾಸ. ಜನಪದ ಹಾಡಿನಲ್ಲಿ ಯಾರ ಹೆಸರೂ ಇಲ್ಲ. ಕಟ್ಟಿದವಳೂ ಅನಾಮಧೇಯಳು, ತಿದ್ದಿದವಳೂ ಅನಾಮಧೇಯಳು, ದನಿಗೂಡಿಸಿದವಳೂ ಅಷ್ಟೆ. ಅಲ್ಲಿ ಅನ್ಯಾಯ ಹುಟ್ಟಲು ಜಾಗವಿಲ್ಲ. ಪಂಕ್ತಿಗೆ ಎಲ್ಲರೂ ನೆಲದ ಮೇಲೆ ಕೂತರೆ ಯಾರಿಗೂ ಅವಮಾನವಿಲ್ಲ. ನಾಲ್ಕು ಜನಕ್ಕೆ ಮಣೆ ಹಾಕಿ ಐದನೆಯವರಿಗೆ ಹಾಕದಿದ್ದರೆ ಅವಮಾನ. ಹೆಸರಿಲ್ಲದಿರುವುದು ತಪ್ಪಲ್ಲ, ಹೆಸರುಗಳ ಪಟ್ಟಿ ಮಾಡಿ ಒಬ್ಬರನ್ನು ಬಿಡುವುದು ತಪ್ಪು. ನನ್ನ ತಂದೆ ನೇಯ್ದ ಬಟ್ಟೆಯ ಬಗ್ಗೆ ನನಗೆ ದೂರಿಲ್ಲದ್ದಕ್ಕೂ ಡೀಲಿಯಾ ಬಗ್ಗೆ ಸಂಕಟವಾಗುವುದಕ್ಕೂ ಕಾರಣ ಇದೇ ಎಂದು ತಿಳಿದಾಗ ಮನಸ್ಸಿಗೆ ಒಂದಿಷ್ಟು ಸಮಾಧಾನವಾಯಿತು.

ಕಚೇರಿಗಳಲ್ಲಿ ಗಾಯಕರ ಹಿಂದೆ ಕೂತು ತಂಬೂರಿ ಮೀಟುತ್ತಿದ್ದವರನ್ನು ನೆನೆಸಿಕೊಳ್ಳಿ. ಎಷ್ಟೋ ಸಲ ಶಿಷ್ಯೆ, ಕೆಲವೊಮ್ಮೆ ಮನೆಯ ಹೆಣ್ಣುಮಗಳು. ವಂದನಾರ್ಪಣೆಯಲ್ಲಿ ಪಿಟೀಲು, ಮೃದಂಗ, ಘಟ ಎಲ್ಲವೂ ಬರುತ್ತಿತ್ತು, ಮೈಕು ಪೆಂಡಾಲಿನವರೂ ಬರುತ್ತಿದ್ದರು. ಅವಳು ಬರುತ್ತಿದ್ದುದು ಅಪರೂಪ. 1979ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಒಂಟಿಯಾಗಿ ಮನೆಯಲ್ಲಿ ಅಭ್ಯಾಸ ಮಾಡುವ ನನ್ನಂಥ ಸಾವಿರಾರು ಹೆಂಗಸರಿಗೆ ಅದರಿಂದ ಉಪಕಾರವಾಗಿದೆ; ಅಡಿಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡೂ ಹಾಡಬಹುದು. ಈಗ ವೇದಿಕೆಯ ಮೇಲೆ ಅವಳ ಜಾಗದಲ್ಲಿ ಬಹಳ ಕಡೆ ಪೆಟ್ಟಿಗೆಯಿದೆ. ಪೆಟ್ಟಿಗೆಯ ಮೇಲೆ ಮಾಡಿದ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ಯಂತ್ರಕ್ಕೆ ಸಿಕ್ಕ ಮಣೆ ಅವಳಿಗೆ ಸಿಕ್ಕಿರಲಿಲ್ಲ.

ಹಾಗಾದರೆ ಐವತ್ತು ವರ್ಷದ ಹಬ್ಬ, ಮರುಬಿಡುಗಡೆ ಇವೆಲ್ಲ ಬರಿಯ ವ್ಯಾಪಾರವೇ? ಬಹಳಷ್ಟು ವ್ಯಾಪಾರವೇ. ಆದರೆ ಹಳೆಯ ತಟ್ಟೆಗೆ ಹೊಸ ಹೊದಿಕೆ ಅಚ್ಚು ಹಾಕಿಸುವಾಗ ಒಂದು ಅವಕಾಶ ತಾನಾಗಿ ಬರುತ್ತದೆ. ಹಳೆಯ ಪಟ್ಟಿಯನ್ನು ಮತ್ತೊಮ್ಮೆ ಓದಿ, ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಿಂದ 1972ರವರೆಗೆ ಕೆಲವರು ಮೂಗ್ ಸಿಂಥಸೈಸರ್ ಇಟ್ಟುಕೊಂಡು ಪ್ರಯೋಗ ಮಾಡಿದ್ದರು. ಆ ಟೇಪುಗಳು 2023ರಲ್ಲಿ ಹೊರಬಂದಾಗ ಗೀತಾ ಸಾರಾಭಾಯಿ ಮೊದಲಾದವರ ಹೆಸರುಗಳು ಅವರವರ ರಚನೆಯೊಂದಿಗೆ ಅಚ್ಚಾದವು. ಗೀತಾ ಅದನ್ನು ನೋಡಲು ಇರಲಿಲ್ಲ. ಆದರೂ ಇಂದು ಸಿಂಥಸೈಸರ್ ಮುಂದೆ ಕೂರುವ ಹುಡುಗಿಗೆ ತನಗಿಂತ ಮುಂಚೆ ಒಬ್ಬಳು ಇಲ್ಲಿ ಕೂತಿದ್ದಳೆಂದು ಗೊತ್ತಾಗುತ್ತದೆ. ತಡವಾಗಿ ಬಂದ ಹೆಸರು ಹೋದವರಿಗೆ ಸಲ್ಲದು; ಬರುವವರಿಗೆ ಸಲ್ಲುತ್ತದೆ. ಇರುವವರಿಗೆ ಸಲ್ಲಬೇಕಾದದ್ದನ್ನು ಇರುವಾಗಲೇ ಸಲ್ಲಿಸಬೇಕು. ಕೃತಿ ಕಾಯುತ್ತದೆ, ಮನುಷ್ಯರು ಕಾಯಲಾರರು.

ಇದನ್ನೆಲ್ಲ ಯೋಚಿಸಿದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅತಿಥಿಗಳ ಹೆಸರಿನ ಕೆಳಗೆ ಹಾರ್ಮೋನಿಯಂ ನುಡಿಸುವವರು, ಮಕ್ಕಳ ಲಂಗ ಹೊಲಿದ ತಾಯಂದಿರು, ಪರದೆ ಎಳೆಯುವ ಆಯಾ ಎಲ್ಲರನ್ನೂ ಸೇರಿಸಿದೆ. ಒಂದು ಪುಟ ಜಾಸ್ತಿಯಾಯಿತು. "ನಮ್ಮ ಹೆಸರೆಲ್ಲ ಯಾಕೆ ಬಿಡಿ ಮೇಡಂ" ಎಂದು ಆಯಾ ನಾಚಿಕೊಂಡಳು. ಅಚ್ಚಿಗೆ ಹೋಗುವ ಮುಂಚೆ ಮಾತ್ರ ಎರಡು ಸಲ ಬಂದು, ತನ್ನ ಇನಿಷಿಯಲ್ ಸರಿಯಾಗಿ ಬಿದ್ದಿದೆಯೇ ಎಂದು ಓದಿಸಿಕೊಂಡು ಹೋದಳು.