ಸಭೆಗೆ ಬಾರದ ತಾಯಿ

ಊರಿನ ಶಾಲೆ ಯಾರದು? ಸರಕಾರದ್ದು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. 2001ರಲ್ಲಿ ಕರ್ನಾಟಕ ಸರಕಾರವೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ತಂದು ಆ ಉತ್ತರವನ್ನು ಬದಲಿಸಲು ನೋಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟ: ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕಾದವರೂ ಅವರೇ.

ಇದನ್ನು ಕಾಗಿನೆಲೆಯಲ್ಲಿ ನಿಂತು ಯೋಚಿಸಬೇಕು. ಇದು ಕನಕದಾಸರ ನೆಲ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಬಡವರ ಧಾನ್ಯವಾದ ರಾಗಿ ಶ್ರೀರಾಮನೆದುರು ಅಕ್ಕಿಯೊಡನೆ ಸಮವಾಗಿ ವಾದಿಸುತ್ತದೆ. ನಮ್ಮ ಶಾಲೆಯ ಸಭೆಯಲ್ಲಿ ಆ ರಾಗಿಗೆ ಮಾತಿದೆಯೇ?

ಈ ತಾಲ್ಲೂಕಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿದ್ದಾರೆ. ದುಡಿದ ದಿನ ಕೂಲಿ, ಇಲ್ಲದ ದಿನ ಇಲ್ಲ. ಹಗಲು ಹನ್ನೊಂದಕ್ಕೆ ಸಭೆ ಕರೆದು, ಅಂಥ ತಾಯಿ ಬರಲಿಲ್ಲವೆಂದು ‘ಪಾಲಕರಿಗೆ ಆಸಕ್ತಿಯಿಲ್ಲ’ ಎಂದು ಷರಾ ಬರೆಯುವುದು ನ್ಯಾಯವೆ? ಸಹಿಗಾಗಿ ನಡಾವಳಿ ಪುಸ್ತಕವನ್ನು ಮನೆಗೇ ಕಳಿಸುವ ಜಾಣತನವಂತೂ ಅವಳಿಗೆ ಮಾಡಿದ ಅವಮಾನ.

ಸಭೆಯನ್ನು ಸಂಜೆಗಿಟ್ಟರೆ ಅವಳು ಬಂದಾಳು. ಕಾಂಪೌಂಡಿನ ಬಣ್ಣದ ವಿಷಯ ಅವಳು ಎತ್ತಲಿಕ್ಕಿಲ್ಲ. ‘ನಾಲ್ಕನೇತ್ತ ಬಂದಾಳ್ರಿ ನಮ್ಮ ಹುಡುಗಿ, ಓದಾಕ ಬರತೈತೇನ್ರಿ?’ ಎಂದು ಕೇಳಿಯಾಳು. ಯೋಜನೆಯ ಮೊದಲ ಸಾಲು ಅಲ್ಲಿಂದಲೇ ಶುರುವಾಗಬಹುದು.